ಇತ್ತು ಅನ್ನಬೇಕಿತ್ತು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ತಂಗಿ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ಚಿಕ್ಕ ಹುಡುಗಿಯರೂ ತಂಗಿ ಎನ್ನುತ್ತಿದ್ದರು, ತಲೆ ನರೆತ ಬಾಯ್ಲರ್ ಮಾವನೂ ತಂಗಿ ಎನ್ನುತ್ತಿದ್ದ. ಅಕ್ಕನ ಬೆನ್ನಿಗೆ ಅಂಟಿಕೊಂಡು ಮೊದಲ ಸಲ ಆ ಬಾಗಿಲು ದಾಟಿದ ದಿನ ಬಿದ್ದ ಹೆಸರು ಅದು. ವಯಸ್ಸು ನಲವತ್ತು ದಾಟಿದರೂ ಬಿಟ್ಟು ಹೋಗಿರಲಿಲ್ಲ. ಇನ್ನು ಅಕ್ಕನನ್ನು ಕೇಳಬೇಕೇ? ಅವಳು ಇಡೀ ಲಾಂಡ್ರಿಗೇ ಅಕ್ಕ.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ನಡುವೆ ಒಂದು ಗೋಡೆ. ಈಚೆಗೆ ಕೊಳೆ ಕಡೆ, ಆಚೆಗೆ ಚೊಕ್ಕ ಕಡೆ. ಅಕ್ಕ ಕೊಳೆ ಕಡೆಯವಳು. ವಾರ್ಡುಗಳಿಂದ ಬಂದ ಚೀಲಗಳ ಬಾಯಿ ಬಿಚ್ಚಿ, ರಕ್ತ ಕೀವು ಹತ್ತಿದ ಹೊದಿಕೆಗಳನ್ನು ಬೇರೆ ಮಾಡಿ, ಮಡಿಕೆಗಳಲ್ಲಿ ಉಳಿದ ಸೂಜಿ, ಚಮಚ, ಬಾಚಣಿಗೆಗಳನ್ನು ಹೆಕ್ಕಿ ತೆಗೆದು, ಆಳೆತ್ತರದ ಯಂತ್ರಗಳಿಗೆ ತುಂಬುವ ಕೆಲಸ ಅವಳದು. ಒಮ್ಮೆ ದಿಂಬಿನ ಚೀಲದೊಳಗೆ ಯಾರದೋ ಕಟ್ಟಿಸಿದ ಹಲ್ಲು ಸಿಕ್ಕಿತ್ತು. ಅದನ್ನು ಎಲ್ಲರಿಗೂ ಎತ್ತಿ ತೋರಿಸಿ, "ನೋಡ್ರೇ, ಯಜಮಾನರು ಮನೆಗೆ ಹೋದ್ರೂ ನಗು ಇಲ್ಲೇ ಬಿಟ್ಟು ಹೋಗಿದ್ದಾರೆ" ಎಂದು ದಿನವಿಡೀ ನಗಿಸಿದ್ದಳು. ಆಮೇಲೆ ಕುಂಟುತ್ತಲೇ ಮೂರು ಮಹಡಿ ಹತ್ತಿ, ಹಲ್ಲಿನ ಒಡೆಯನನ್ನು ಹುಡುಕಿ ಕೊಟ್ಟೂ ಬಂದಿದ್ದಳು. ತಂಗಿ ಚೊಕ್ಕ ಕಡೆ. ಬಿಸಿ ಉರುಳೆಗೆ ಒದ್ದೆ ಹೊದಿಕೆಯ ಎರಡು ತುದಿ ಹಿಡಿದು ಕೊಡುವುದು, ಇಸ್ತ್ರಿಯಾಗಿ ಬಂದದ್ದನ್ನು ಮಡಿಚುವುದು. ಹಬೆಯಲ್ಲಿ ಬೆಂದು ಬೆಂದು ಅವಳ ಮುಂಗೈ ಯಾವಾಗಲೂ ಕೆಂಪಗೆ ಇರುತ್ತಿತ್ತು.

ಚೊಕ್ಕ ಕಡೆಯ ಆ ಜಾಗವನ್ನು ಅವಳಿಗೆ ಗಿಟ್ಟಿಸಿಕೊಟ್ಟವಳು ಅಕ್ಕನೇ. ತಾಯಿ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಮನೆಗೆ ನಿಂತವಳೂ ಅಕ್ಕ. ಹಾಗಾಗಿ ತಂಗಿಗೆ ನಾಲ್ಕಕ್ಷರ ಬಂತು, ಅಕ್ಕನಿಗೆ ಬರಲಿಲ್ಲ. ಮುಂದೆ ತಂಗಿಯ ಗಂಡ ಒಂದು ಬೆಳಿಗ್ಗೆ ಈಗ ಬಂದೆ ಎಂದು ಹೋದವನು ಬೇರೊಬ್ಬಳ ಮನೆಯಲ್ಲಿ ಸಂಸಾರ ಹೂಡಿದ ಸುದ್ದಿ ಬಂದಾಗ, ತಂಗಿಯ ಟ್ರಂಕನ್ನು ತಾನೇ ಹೊತ್ತು ತಂದು ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟವಳೂ ಅಕ್ಕ. ಇದೆಲ್ಲ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆಂದರೆ ಅಕ್ಕನೇ ಹೇಳಿದ್ದಳು. "ನಾನಿಲ್ದಿದ್ರೆ ಇವಳು ಬೀದಿಪಾಲು ಕಣ್ರೇ" ಎಂದು ತಂಗಿಯ ಕೆನ್ನೆ ಹಿಂಡಿ ನಗುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು, ಸುಳ್ಳೂ ಅಲ್ಲ. ಆದರೆ ಉಪಕಾರ ಮಾಡಿದ ಕೈಯನ್ನು ದಿನಾ ಕಣ್ಣ ಮುಂದೆ ಆಡಿಸುತ್ತಿದ್ದರೆ ಒಂದಲ್ಲ ಒಂದು ದಿನ ಅದು ಕಣ್ಣಿಗೆ ಚುಚ್ಚುತ್ತದೆ.

ಹೀಗಿರುವಾಗ ಆಸ್ಪತ್ರೆಯವರು ಲಾಂಡ್ರಿಯನ್ನು ಹೊಸ ಕಂಪನಿಯೊಂದಕ್ಕೆ ವಹಿಸಿಬಿಟ್ಟರು. ಕಂಪನಿ ಹೊರದೇಶದ್ದು, ಅದರ ಮ್ಯಾನೇಜರಮ್ಮನಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಹಳಬರನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ, ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕು, ಇಂಗ್ಲಿಷಿನಲ್ಲಿ ಸಂದರ್ಶನ ಎದುರಿಸಬೇಕು ಎಂದು ತಿಳಿಸಿದರು. ಹೆದರಬೇಕಾಗಿಲ್ಲ, ಕೆಲಸ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕಂಪನಿಯೇ ಪಾಠ ಹೇಳಿಸುತ್ತದೆ ಎಂದೂ ಸೇರಿಸಿದರು.

"ನಾನು ಮಾಡ್ತಿರೋ ಕೆಲಸಕ್ಕೆ ನಾನೇ ಅರ್ಜಿ ಹಾಕ್ಬೇಕಂತೆ!" ಎಂದಳು ಅಕ್ಕ. "ನಾಳೆ ನಮ್ಮನೆಯವರೂ ಹೇಳ್ತಾರೆ, ಹೆಂಡತಿ ಜಾಗಕ್ಕೆ ಅರ್ಜಿ ಕರೆದಿದ್ದೀನಿ, ನೀನೂ ಹಾಕು ಅಂತ."

"ಕೊಳೆ ಬಟ್ಟೆಗೆ ಯಾವ ಭಾಷೆ ಬರುತ್ತೆ ಅಂತ?" ಎಂದು ಗೊಣಗಿದ ಬಾಯ್ಲರ್ ಮಾವ.

ಪಾಠ ಹೇಳಲು ಬಂದ ಮೇಷ್ಟ್ರು ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು. ಟೈಪಿಂಗ್ ಕಲಿಯುವವರು ಇಲ್ಲವಾದ ಮೇಲೆ ಹೊಟ್ಟೆಪಾಡಿಗೆ ಇಂಗ್ಲಿಷ್ ಹಿಡಿದವರು. ಒಳ್ಳೆಯ ಮನುಷ್ಯ, ಬೈಯುತ್ತಿರಲಿಲ್ಲ. ಕ್ಯಾಂಟೀನಿನ ಗೋಡೆಗೆ ಬಿಳಿ ಹಲಗೆ ಒರಗಿಸಿ, ಶಿಫ್ಟ್, ಸ್ಯಾಲರಿ, ಎಕ್ಸ್‌ಪೀರಿಯನ್ಸ್ ಎಂದು ಗುಂಡಗೆ ಬರೆಯುತ್ತಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು. ಉಳಿದರ್ಧಕ್ಕೆ ಅದು ಕಬ್ಬಿಣದ ಕಡಲೆ.

"ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳೇ ಕೇಳ್ತಾರೆ" ಎಂದರು ಒಂದು ಸಂಜೆ. "ನಿಮ್ಮ ದೌರ್ಬಲ್ಯ ಏನು? ವಾಟ್ ಈಸ್ ಯುವರ್ ವೀಕ್ನೆಸ್? ಏನಂತೀರಿ?"

"ನಿದ್ದೆ" ಎಂದ ಬಾಯ್ಲರ್ ಮಾವ, ಕಣ್ಣು ತೆರೆಯದೆ.

"ಹಾಗೆಲ್ಲ ನಿಜ ಹೇಳ್ಬಾರ್ದು. ಐ ವರ್ಕ್ ಟೂ ಹಾರ್ಡ್ ಅನ್ನಬೇಕು. ನಾನು ಅತಿಯಾಗಿ ದುಡೀತೀನಿ, ಅದೇ ನನ್ನ ದೌರ್ಬಲ್ಯ ಅಂತ."

"ಅತಿಯಾಗಿ ದುಡಿಯೋದು ಕಾಯಿಲೆ ಆದ್ರೆ ನಮ್ಮನ್ನೆಲ್ಲ ಮೇಲಿನ ವಾರ್ಡಿಗೆ ಸೇರಿಸಿಬಿಡಿ ಮೇಷ್ಟ್ರೇ" ಎಂದಳು ಅಕ್ಕ. "ನನಗೆ ಕಿಟಕಿ ಪಕ್ಕದ ಮಂಚ ಇರ್ಲಿ." ಮೇಷ್ಟ್ರೇ ಮೊದಲು ನಕ್ಕರು.

ತಂಗಿ ಮಾತ್ರ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದಳು. ತನಗೇ ಆಶ್ಚರ್ಯವಾಗುವಂತೆ ಆ ಭಾಷೆ ಅವಳಿಗೆ ಒಲಿಯುತ್ತ ಬಂತು. ಉರುಳೆಗೆ ಹೊದಿಕೆ ಕೊಡುವಾಗಲೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು: ಐ ಫೋಲ್ಡ್, ಶಿ ಫೋಲ್ಡ್ಸ್, ದೇ ಫೋಲ್ಡ್. ಎದುರು ತುದಿ ಹಿಡಿದ ಹುಡುಗಿ ಇವಳಿಗೇನೋ ಗಾಳಿ ಹಿಡಿದಿದೆ ಎಂದುಕೊಂಡಳು. ಇದ್ದದ್ದಕ್ಕೆ ಒಂದು ಮಾತು, ಇರುವುದಕ್ಕೆ ಒಂದು ಮಾತು, ಒಂದು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಅರ್ಥವೇ ಬೇರೆ. ಆ ಬಿಗಿ ಅವಳಿಗೆ ಹಿಡಿಸಿತು. ಚೆನ್ನಾಗಿ ಮಡಿಚಿದ ಹೊದಿಕೆಯ ಅಂಚಿನಂತೆ ಅಂಚಿಗೆ ಅಂಚು ಕೂಡುತ್ತಿತ್ತು. "ಕಾಲದ ವಿಷಯದಲ್ಲಿ ತಂಗಿಯ ಬಾಯಿ ತಪ್ಪೋದೇ ಇಲ್ಲ, ನೋಡಿ ಕಲೀರಿ" ಎಂದು ಮೇಷ್ಟ್ರು ಎಲ್ಲರ ಮುಂದೆ ಹೇಳಿದ ದಿನ ಅವಳು ಮನೆಯವರೆಗೂ ನೆಲ ಮುಟ್ಟದೆ ನಡೆದಳು. ಹುಟ್ಟಿದಾರಭ್ಯ ಅಕ್ಕನಿಗಿಂತ ಒಂದು ಹೆಜ್ಜೆ ಮುಂದೆ ಇಟ್ಟದ್ದು ಅದೇ ಮೊದಲು.

ಅಕ್ಕನಿಗೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಎಕ್ಸ್‌ಪೀರಿಯನ್ಸ್ ಎನ್ನಲು ಹೋದರೆ ಎಸ್ಪಿರೆನ್ಸು ಆಗುತ್ತಿತ್ತು. ಮನೆಯಲ್ಲಿ ಒಲೆಯ ಮುಂದೆ ಕಾಲು ಚಾಚಿ, ಊದಿದ ಮಂಡಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಳ್ಳುತ್ತ ಪಾಠ ಒಪ್ಪಿಸುತ್ತಿದ್ದಳು. ಮಂಡಿ ನೋವಿನ ವಿಷಯ ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಲಾಂಡ್ರಿಯಲ್ಲಿ ಅವಳು ಕುಂಟಿದರೆ, ಹಾಸ್ಯಕ್ಕೆ ಕುಂಟುತ್ತಾಳೆ ಎಂದುಕೊಳ್ಳುತ್ತಿದ್ದರು.

"ಹ್ಯಾಸ್ ಅಂದ್ರೆ ಈಗ ಇದೆ ಅಂತ" ಎಂದು ತಂಗಿ ಬಿಡಿಸಿ ಹೇಳುತ್ತಿದ್ದಳು. "ಹ್ಯಾಡ್ ಅಂದ್ರೆ ಆಗ ಇತ್ತು ಅಂತ. ಈಗ ಹೇಳು."

"ಇದೆ, ಇತ್ತು. ಸರಿ. ಎರಡಕ್ಕೂ ಮೂತಿ ಒಂದೇ ಥರ ಇದೆಯಲ್ಲೇ. ಹ್ಯಾ ಅಂತ ಬಾಯಿ ತೆರೆದ ಮೇಲೆ ಎಲ್ಲಿ ಮುಚ್ಬೇಕು ಅನ್ನೋದೇ ಗೊತ್ತಾಗಲ್ಲ." ಅಕ್ಕ ನಕ್ಕಳು. ಆಮೇಲೆ ಮೆತ್ತಗೆ ಹೇಳಿದಳು. "ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ. ಮಧ್ಯದಲ್ಲಿ ಈ ಇಂಗ್ಲಿಷು ಒಂದು ಕಮ್ ಕಮ್ ಅಂತಿದೆ. ಏನ್ ಮಾಡ್ಲಿ ಹೇಳು."

ಒಂದು ಸಂಜೆ ಕ್ಯಾಂಟೀನಿನಲ್ಲಿ ಅಕ್ಕ ಎದ್ದು ನಿಂತು 'ಶಿ ಹ್ಯಾವ್' ಎಂದಳು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ತಂಗಿ, "ಹ್ಯಾವ್ ಅಲ್ಲ, ಹ್ಯಾಸ್" ಎಂದಳು. ಅಕ್ಕ ಮತ್ತೆ ಹ್ಯಾವ್ ಎಂದಳು. "ಹ್ಯಾಸ್! ಎಷ್ಟು ಸಲ ಹೇಳ್ಕೊಡೋದು ನಿನಗೆ? ತಲೇಲಿ ಏನಿಟ್ಕೊಂಡಿದ್ದೀಯ?" ಎಂದು ತಂಗಿ ಗದರಿದಳು. ಅಕ್ಕನನ್ನು ಗದರಿದವರನ್ನು ಲಾಂಡ್ರಿ ಆವರೆಗೆ ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನೂ ನಕ್ಕಳು. ಆದರೆ ಕೂರುವಾಗ ಬೆಂಚು ಹಿಡಿದುಕೊಂಡು ನಿಧಾನಕ್ಕೆ ಕೂತಳು.

ಮರುದಿನದ ಪಾಠ ಹೋದ ಕಾಲದ ಕ್ರಿಯಾಪದಗಳದು. ಗೋ ಹೋಗಿ ವೆಂಟ್, ಕಮ್ ಹೋಗಿ ಕೇಮ್. "ಲೀವ್ ಅಂದ್ರೆ ಬಿಟ್ಟು ಹೋಗೋದು. ಹೋದ ಕಾಲದಲ್ಲಿ ಲೆಫ್ಟ್ ಆಗುತ್ತೆ" ಎಂದ ಮೇಷ್ಟ್ರು, "ಲೆಫ್ಟ್ ಇಟ್ಟು ಯಾರಾದ್ರೂ ಒಂದು ವಾಕ್ಯ ಮಾಡಿ" ಎಂದರು.

ಅಕ್ಕ ಕೈ ಎತ್ತಿದಳು. ಅವಳು ಕೈ ಎತ್ತಿದ್ದು ಅದೇ ಮೊದಲಾದ್ದರಿಂದ ಎಲ್ಲರೂ ತಿರುಗಿದರು.

"ಅದಕ್ಕೆ ನಮ್ಮ ತಂಗಿನ ಕೇಳಿ ಮೇಷ್ಟ್ರೇ, ಅವಳಿಗೆ ಚೆನ್ನಾಗಿ ಗೊತ್ತು. ಅವಳ ಗಂಡ ಲೆಫ್ಟು!"

ಕ್ಯಾಂಟೀನಿಗೆ ಕ್ಯಾಂಟೀನೇ ಬಿದ್ದು ಬಿದ್ದು ನಕ್ಕಿತು. ಬಾಯ್ಲರ್ ಮಾವ ನಕ್ಕ, ಉರುಳೆಯ ಎದುರು ತುದಿಯ ಹುಡುಗಿ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದರೂ ಮೇಷ್ಟ್ರಿಗೂ ತಡೆಯಲಾಗಲಿಲ್ಲ. ವಾಕ್ಯವೂ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ತಂಗಿ ತಲೆ ತಗ್ಗಿಸಿ ಮುಂಗೈಯ ಕೆಂಪನ್ನು ನೋಡುತ್ತ ಕೂತಳು. ಮನೆಗೆ ಹೋಗುವ ದಾರಿಯಲ್ಲಿ ಅಕ್ಕ ಎರಡು ಸಲ ಮಾತಿಗೆಳೆದಳು, ಇವಳು ತುಟಿ ಬಿಚ್ಚಲಿಲ್ಲ. "ತಮಾಷೆ ಕಣೇ, ಅಷ್ಟಕ್ಕೆಲ್ಲ ಮುಖ ಊದಿಸ್ಕೋತಾರಾ?" ಎಂದು ಅಕ್ಕ ಅವಳ ಭುಜಕ್ಕೆ ಭುಜ ತಾಗಿಸಿದಳು. ಅಕ್ಕನ ಪಾಲಿಗೆ ಅದು ಅಲ್ಲಿಗೇ ಮುಗಿಯಿತು.

ಸಂದರ್ಶನದ ದಿನ ಬಂತು. ಹಳೆಯ ಉಗ್ರಾಣವನ್ನು ಗುಡಿಸಿ ಒಂದು ಮೇಜು ಹಾಕಿದ್ದರು. ಮೇಜಿನ ಆ ಬದಿಗೆ ಮ್ಯಾನೇಜರಮ್ಮ. ನಲವತ್ತರ ಒಳಗಿನ ಹೆಂಗಸು, ಮಾತಿಗೊಮ್ಮೆ ನಗುವವಳು, ಎದುರಿನವರಿಗೆ ತಾನೇ ಲೋಟಕ್ಕೆ ನೀರು ಬಗ್ಗಿಸಿ ಕೊಡುವವಳು. ಮೊದಲು ಹೋದವಳು ತಂಗಿ. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಹೇಳಿದಳು. ಯಾಕೆ ಈ ಕೆಲಸ ಬೇಕು ಎಂದಾಗ ಕಲಿತದ್ದನ್ನು ಒಪ್ಪಿಸಿದಳು. ಅದರ ಮುಂದೆ ಯಾರೂ ಕಲಿಸದ ಒಂದು ವಾಕ್ಯ ತಾನಾಗಿ ಬಂತು: ನನಗೆ ಹೊದಿಕೆ ಸರಿಯಾಗಿ ಮಡಿಚುವುದು ಇಷ್ಟ. ಮ್ಯಾನೇಜರಮ್ಮ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದಳು.

"ಯುವರ್ ಇಂಗ್ಲಿಷ್ ಈಸ್ ವೆರಿ ಗುಡ್" ಎಂದಳು. ಆಮೇಲೆ, ಉಳಿದವರಿಗೆ ಕಷ್ಟವಾಗಬಹುದು, ಇಲ್ಲೇ ಕೂತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ತಿಳಿಸುತ್ತೀಯಾ ಎಂದು ಕೇಳಿದಳು.

"ಯೆಸ್, ಐ ಕ್ಯಾನ್" ಎಂದಳು ತಂಗಿ.

ಮೇಜಿನ ಆ ಬದಿಗೆ ಅವಳಿಗೊಂದು ಕುರ್ಚಿ ಬಂತು. ಹೊರಗೆ ಸಾಲಾಗಿ ನಿಂತವರಿಗೆ ಬಾಗಿಲ ಸಂದಿಯಲ್ಲಿ ಅದು ಕಂಡು ಹೋದ ಜೀವ ಬಂದಂತಾಯಿತು. ನಮ್ಮವಳೇ ಒಳಗಿದ್ದಾಳೆ, ಇನ್ನೇನು ಭಯ ಎಂದುಕೊಂಡರು.

ಬಾಯ್ಲರ್ ಮಾವ ಬಂದ. ನಿನ್ನ ಅನುಭವ ಹೇಳು ಎಂದರೆ, "ಆ ಹಾಳಾದ್ದು ನನ್ನ ಬೈಗುಳ ಕೇಳಿದ್ರೇನೇ ಉರಿಯೋದು, ಬೇರೆಯವರಿಗೆ ಅದು ಜಪ್ಪಯ್ಯ ಅಂದ್ರೂ ಬಗ್ಗಲ್ಲ ಅನ್ನು" ಎಂದ. ತಂಗಿ ಒಂದು ಗಳಿಗೆ ಯೋಚಿಸಿ, ಇವರಿಗೆ ಬಾಯ್ಲರ್ ಬಹಳ ಚೆನ್ನಾಗಿ ಗೊತ್ತು ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು. ಮ್ಯಾನೇಜರಮ್ಮ ತಲೆಯಾಡಿಸಿದಳು. ರಜೆ ಕೇಳುವ ಚಾಳಿಯಿದ್ದ ಹುಡುಗಿಯೊಬ್ಬಳ ಮಾತನ್ನೂ ಹೀಗೆಯೇ ಒಪ್ಪ ಮಾಡಿ ದಾಟಿಸಿದಳು. ಒರಟಾದದ್ದು ನಯವಾಗಿ, ಕೊಂಕಾದದ್ದು ನೇರವಾಗಿ ಅವಳ ಬಾಯಿಂದ ಹೊರಟಿತು. ಅವಳಿಗೆ ಒಳಗೊಳಗೇ ಒಂದು ಬಗೆಯ ಹಿಗ್ಗು.

ಆಮೇಲೆ ಅಕ್ಕ ಬಂದಳು. ತಲೆ ನೀಟಾಗಿ ಬಾಚಿ, ಮಗ್ಗಿ ಒಪ್ಪಿಸಲು ಬಂದ ಮಗುವಿನಂತೆ ಕೈಕಟ್ಟಿ ಬಂದವಳು ತಂಗಿಯನ್ನು ಕಂಡದ್ದೇ ಮುಖ ಅರಳಿಸಿದಳು. ಕೂರುವಾಗ ಮಂಡಿ ಕೈಕೊಟ್ಟಿತು. ಮೇಜಿನ ಅಂಚು ಹಿಡಿದು, ಹಲ್ಲು ಕಚ್ಚಿ ಕುರ್ಚಿಗೆ ಇಳಿದಳು. ನೀರಿನ ಲೋಟ ಅಲುಗಿತು.

"ಐ ಹ್ಯಾವ್ ಎಸ್ಪಿರೆನ್ಸು" ಎಂದಳು, ಯಾರೂ ಕೇಳುವ ಮೊದಲೇ. ಹ್ಯಾವ್ ಈ ಸಲ ಸರಿಯಾಗಿ ಬಿದ್ದಿತ್ತು. ತಂಗಿಯ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಮ್ಯಾನೇಜರಮ್ಮ ನಕ್ಕಳು. ಆದರೆ ಅವಳ ಕಣ್ಣು ಅಕ್ಕನ ಮಂಡಿಯ ಮೇಲಿತ್ತು. ಇವರ ಮಂಡಿಗೆ ಏನಾದರೂ ತೊಂದರೆಯಿದೆಯೇ, ಶಿಫ್ಟ್ ಪೂರ್ತಿ ನಿಂತು ಕೆಲಸ ಮಾಡಬಲ್ಲರೇ ಎಂದು ಕೇಳಿದಳು. ತಂಗಿ ಅದನ್ನು ಅಕ್ಕನಿಗೆ ಹೇಳಿದಳು.

"ಹೋದ ವರ್ಷ ನೋವಿತ್ತು, ಈಗ ವಾಸಿಯಾಗಿದೆ ಅನ್ನು" ಎಂದಳು ಅಕ್ಕ. ದನಿ ತಗ್ಗಿಸಿ, "ಸ್ವಲ್ಪ ಚೆನ್ನಾಗಿ ಹೇಳೇ" ಎಂದು ಸೇರಿಸಿದಳು.

ತಂಗಿ ಮ್ಯಾನೇಜರಮ್ಮನ ಕಡೆ ತಿರುಗಿದಳು.

"ಶಿ ಹ್ಯಾಸ್ ಪೇನ್ ಇನ್ ಹರ್ ನೀಸ್" ಎಂದಳು.

ಹೇಳಿ ಮುಗಿಸಿದ ಮೇಲೆ ಕೋಣೆ ಹಾಗೇ ಇತ್ತು. ಫ್ಯಾನು ತಿರುಗುತ್ತಿತ್ತು. ಹ್ಯಾಡ್ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಸಾರಿ ಎಂದು ಶುರು ಮಾಡಿ ಅದನ್ನು ಉದುರಿಸಿದ್ದರೆ ಸಾಕಿತ್ತು. ಮ್ಯಾನೇಜರಮ್ಮ ಏನೋ ಗೀಚಿಕೊಳ್ಳುವಷ್ಟು ಹೊತ್ತು ಸಮಯವೂ ಇತ್ತು. ತಂಗಿ ಬಾಯಿ ತೆರೆಯಲಿಲ್ಲ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದು ಮ್ಯಾನೇಜರಮ್ಮ ಅಕ್ಕನಿಗೆ ಕೈ ಚಾಚಿದಳು. ಥ್ಯಾಂಕ್ಯೂ ಎಂಬ ಒಂದು ಮಾತನ್ನು ಹಿಡಿದುಕೊಂಡ ಅಕ್ಕ, ಎರಡೂ ಕೈಯಲ್ಲಿ ಆ ಕೈ ಹಿಡಿದು, "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದಳು.

ಸಂಜೆ ದಾರಿಯಲ್ಲಿ ಅಕ್ಕ ಕೇಳಿದಳು. "ಚೆನ್ನಾಗಿ ಹೇಳಿದ್ಯಾ?"

"ಹೂಂ."

"ನೀನಿದ್ದೆ ಅಂತ ಧೈರ್ಯ ಬಂತು ನೋಡು. ಇಲ್ದಿದ್ರೆ ಅಲ್ಲೇ ಉಚ್ಚೆ ಹೊಯ್ಕೊಂಡಿರ್ತಿದ್ದೆ" ಎಂದು ಅಕ್ಕ ನಗತೊಡಗಿದಳು.

ಬಾಯಿ ತಪ್ಪಿತು ಎಂದು ತಂಗಿ ತನಗೇ ಎಷ್ಟೋ ಸಲ ಹೇಳಿಕೊಂಡಳು. ಗಾಬರಿಯಲ್ಲಿ ಯಾರಿಗಾದರೂ ತಪ್ಪುತ್ತದೆ. ಆಮೇಲೆ, ಹೇಳಿದ್ದು ಸುಳ್ಳೇನಲ್ಲವಲ್ಲ ಎಂದುಕೊಂಡಳು. ಬಾಯಿ ತಪ್ಪಿದ್ದರೆ ನಿಜವೋ ಸುಳ್ಳೋ ಎಂದು ಲೆಕ್ಕ ಹಾಕುವ ಅಗತ್ಯ ಏನಿತ್ತು ಎಂದು ಇನ್ನೊಂದು ಮನಸ್ಸು ಕೇಳಿತು.

ಮುಂದಿನ ವಾರ ಮ್ಯಾನೇಜರಮ್ಮ ಅವಳೊಬ್ಬಳನ್ನೇ ಕರೆಸಿದಳು. ನಿನ್ನನ್ನು ಸೂಪರ್‌ವೈಸರ್ ಮಾಡಿದ್ದೇವೆ ಎಂದು ಕೈ ಕುಲುಕಿದಳು. ಉಳಿದವರಿಗೆ ಫಲಿತಾಂಶ ತಿಳಿಸಬೇಕು, ನಾನು ಹೇಳುತ್ತ ಹೋಗುತ್ತೇನೆ, ನೀನು ನಿಮ್ಮ ಮಾತಿನಲ್ಲಿ ಹೇಳು ಎಂದಳು. ಯಾರ್‍ಯಾರನ್ನು ಬಿಟ್ಟಿದ್ದಾರೆ ಎಂದೂ ಹೇಳಿದಳು. ಹೆಚ್ಚಿನವರು ಕೊಳೆ ಕಡೆಯ ವಯಸ್ಸಾದ ಹೆಂಗಸರು. ಅವರಲ್ಲಿ ಅಕ್ಕನೂ ಇದ್ದಳು.

"ಮೈ ಸಿಸ್ಟರ್?" ಎಂದಳು ತಂಗಿ.

ನೀನೇ ಹೇಳಿದೆಯಲ್ಲ, ಮಂಡಿ ನೋವು ಎಂದು, ಅಲ್ಲಿಯದು ಭಾರದ ಕೆಲಸ, ಅವರ ಒಳ್ಳೆಯದಕ್ಕೇ ಇದು ಎಂದಳು ಮ್ಯಾನೇಜರಮ್ಮ.

"ನೋ ಮೇಡಂ. ಶಿ ಹ್ಯಾಡ್. ನಾಟ್ ಹ್ಯಾಸ್. ಮೈ ಮಿಸ್ಟೇಕ್. ಐ ಸೇ ರಾಂಗ್" ಎಂದು ತಂಗಿ ತೊದಲಿದಳು. ಕಲಿತ ವ್ಯಾಕರಣವೆಲ್ಲ ಆಗ ಎಲ್ಲಿ ಹೋಯಿತೋ.

ಮ್ಯಾನೇಜರಮ್ಮ ಅವಳನ್ನು ಕನಿಕರದಿಂದ ನೋಡಿದಳು. ಅಕ್ಕನ ಮೇಲಿನ ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ನಿನ್ನ ಇಂಗ್ಲಿಷ್ ಅಷ್ಟು ಕೆಟ್ಟದಾಗಿಲ್ಲ ಎಂದಳು. ಎದ್ದು ಬಾಗಿಲು ತೆರೆದಳು.

ಲಾಂಡ್ರಿಯ ಯಂತ್ರಗಳನ್ನು ನಿಲ್ಲಿಸಿದ್ದರು. ಆ ನೆಲಮಾಳಿಗೆಯಲ್ಲಿ ಅಷ್ಟೊಂದು ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಚೊಕ್ಕ ಕಡೆಯ ಮಡಿಚುವ ಮೇಜಿನ ಸುತ್ತ ನಿಂತರು. ಮ್ಯಾನೇಜರಮ್ಮ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ಹೇಳಿದಳು. ತಂಗಿ ಒಂದೊಂದನ್ನೇ ತಮ್ಮ ಮಾತಿಗೆ ತಿರುಗಿಸಿದಳು. ಕಂಪನಿ ನಿಮ್ಮೆಲ್ಲರ ಸೇವೆಯನ್ನು ನೆನೆಯುತ್ತದೆ. ಎಲ್ಲರನ್ನೂ ಉಳಿಸಿಕೊಳ್ಳಲು ಆಗುತ್ತಿಲ್ಲ. ಈಗ ಹೆಸರು ಹೇಳುವವರು ಈ ತಿಂಗಳ ಕೊನೆಗೆ ಕೆಲಸ ಬಿಡಬೇಕು. ಬಾಯ್ಲರ್ ಮಾವ ಉಳಿದುಕೊಂಡಿದ್ದ. ಅವನು ಕೈಯಲ್ಲಿದ್ದ ಚಿಂದಿಯಲ್ಲಿ ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಒಬ್ಬೊಬ್ಬಳ ಹೆಸರು ಬಂದಾಗಲೂ ಒಂದೊಂದು ಮುಖ ಕೆಳಗೆ ಬಿತ್ತು. ಕೊನೆಗೆ ಮ್ಯಾನೇಜರಮ್ಮ ಅಕ್ಕನ ಹೆಸರು ಹೇಳಿದಳು. ಅಲ್ಲಿ ಯಾರೂ ಬಳಸದ ಹೆಸರು ಅದು, ಅರ್ಧ ಜನಕ್ಕೆ ಯಾರೆಂದೇ ಹೊಳೆಯಲಿಲ್ಲ.

ತಂಗಿ ಅಕ್ಕನ ಕಡೆ ತಿರುಗಿದಳು. "ಅಕ್ಕ" ಎಂದಳು.

"ನಾನಾ?" ಎಂದಳು ಅಕ್ಕ. "ನನಗ್ಯಾಕಂತೆ?"

"ಮಂಡಿ ನೋವಿಗೆ."

"ಅದು ಹೋಗಿದೆ ಅಂತ ನೀನು ಹೇಳಿದ್ದೆಯಲ್ಲ?"

ಅಕ್ಕ ಮೇಜಿನ ಅಂಚು ಹಿಡಿದುಕೊಂಡು ಅವಳ ಬಳಿ ಬಂದಳು. ತಂಗಿಯ ಮುಖವನ್ನು, ಚೀಲದೊಳಗೆ ಸೂಜಿ ಹುಡುಕುವವಳಂತೆ, ಮೆಲ್ಲಗೆ, ಎಚ್ಚರದಿಂದ ನೋಡಿದಳು.

"ಹ್ಯಾಸ್ ಅಂದ್ಯೇನೇ?" ಎಂದು ಇವಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಕೇಳಿದಳು.

"ಬಾಯಿ ತಪ್ತು ಅಕ್ಕ."

"ನಿನ್ನ ಬಾಯಿ ತಪ್ಪಲ್ಲ" ಎಂದಳು ಅಕ್ಕ. "ಕೂರಿಸ್ಕೊಂಡು ಮಾತು ಕಲಿಸಿದವಳು ನಾನು. ನನಗೆ ಗೊತ್ತು ಆ ಬಾಯಿ."

ಮ್ಯಾನೇಜರಮ್ಮ, ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ನಥಿಂಗ್ ಎಂದಳು ತಂಗಿ. ಅದೂ ಅವಳಿಗೆ ತಡವರಿಸದೆ ಬಂತು.

ಮನೆಯಲ್ಲಿ ರಂಪವಾಗುತ್ತದೆ ಎಂದು ತಂಗಿ ಎದೆ ಗಟ್ಟಿ ಮಾಡಿಕೊಂಡು ಹೋದಳು. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದುಕೊಂಡಿದ್ದಳು. ಅಕ್ಕ ಬೈಯಲಿಲ್ಲ. ತಟ್ಟೆ ತೊಳೆದು ಮುಂದಿಟ್ಟು, "ಊಟ ಮಾಡಿ" ಎಂದಳು. ಯಾರಿಗೆ ಹೇಳಿದ್ದು ಎಂದು ತಂಗಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ತೊಟ್ಟಿಲಿಂದ ಹಿಡಿದು ಆವತ್ತಿನವರೆಗೆ ಅಕ್ಕನ ಬಾಯಲ್ಲಿ ಅವಳು ನೀನು, ಕಣೇ, ಹೋಗೇ, ಬಾರೇ. ಆವತ್ತಿನಿಂದ ನೀವು.

"ಸೂಪರ್‌ವೈಸರ್ ಆದವರು, ಮರ್ಯಾದೆ ಕೊಡ್ಬೇಡವಾ?" ಎಂದಳು ಅಕ್ಕ, ಯಾಕೆ ಹೀಗೆ ಎಂದು ಭಾವ ಕೇಳಿದ್ದಕ್ಕೆ. ಮುಖದಲ್ಲಿ ಕೊಂಕು ಕೂಡ ಇರಲಿಲ್ಲ.

ಭಾವ ಬೀಗ ರಿಪೇರಿ ಮಾಡುವವನು, ಮಾತು ಕಡಿಮೆ. ಒಂದು ದಿನ ಹಿತ್ತಲಲ್ಲಿ ತಂಗಿ ಒಬ್ಬಳೇ ಸಿಕ್ಕಾಗ ಹೇಳಿದ. "ಅವಳು ಕೂಗಾಡಿದ್ರೆ ನಾನು ಮಧ್ಯೆ ಬರ್ತಿದ್ದೆ ಕಣಮ್ಮ. ಇದಕ್ಕೆ ಎಲ್ಲಿಂದ ಕೈ ಹಾಕ್ಲಿ?"

ತಿಂಗಳು ಕಳೆದ ಮೇಲೆ ಅಕ್ಕನಿಗೆ ಕಚೇರಿಗಳಿದ್ದ ಎತ್ತರದ ಕಟ್ಟಡವೊಂದರಲ್ಲಿ ಮೆಟ್ಟಿಲು ಒರೆಸುವ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಇಂಗ್ಲಿಷ್ ಕೇಳಲಿಲ್ಲ, ಮಂಡಿಯನ್ನೂ ಕೇಳಲಿಲ್ಲ. ಮೇಲಿನ ಮಹಡಿಯಿಂದ ಕೆಳಗಿನವರೆಗೆ ಮೊಣಕಾಲೂರಿ ಒರೆಸಿ ಇಳಿಯುವುದು. ಸಂಜೆ ಬರುವಾಗ ಮಂಡಿ ಎರಡೂ ಬಾತು ಗುಂಡಗಾಗಿರುತ್ತಿದ್ದವು. ತಂಗಿ ಮುಲಾಮು ತಂದುಕೊಟ್ಟಳು. "ನಿಮಗ್ಯಾಕೆ ತೊಂದರೆ" ಎಂದು ಅಕ್ಕ ಅದನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟಳು. ಮುಚ್ಚಳ ತೆರೆಯಲಿಲ್ಲ.

ಲಾಂಡ್ರಿಯಲ್ಲಿ ತಂಗಿ ಈಗ ಮಡಿಚುತ್ತಿರಲಿಲ್ಲ. ಗೋಡೆಯ ಈಚೆ ಆಚೆ ಓಡಾಡುತ್ತ ಮ್ಯಾನೇಜರಮ್ಮನ ಮಾತು ತಿಳಿಸುತ್ತಿದ್ದಳು. ಇನ್ನು ಹದಿನೈದು ಚೀಲದ ಜಾಗದಲ್ಲಿ ಇಪ್ಪತ್ತು ತುಂಬಬೇಕಂತೆ. ಹರಿಯುವವರೆಗೆ ಹೊಸ ಕೈಗವಸು ಇಲ್ಲವಂತೆ. ಹುಡುಗಿಯರು ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಬಾಯ್ಲರ್ ಮಾವನೊಬ್ಬನೇ, "ನಿನ್ನ ಬಾಯಲ್ಲಿ ಅವರ ನಾಲಿಗೆ ಕಣೇ" ಎಂದ, ನಕ್ಕೇ ಹೇಳಿದ.

ಒಂದು ಭಾನುವಾರ ಭಾವ ಹೊರಗೆ ಹೋಗಿದ್ದ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತಂಗಿ ಹೋಗಿ ಎದುರಿಗೆ ನೆಲದ ಮೇಲೆ ಕೂತಳು. ಒಳಗಿನದನ್ನು ಕಕ್ಕಿಬಿಡಬೇಕು ಎನ್ನಿಸಿತ್ತು.

"ಅಕ್ಕಾ, ನೀನು ಅವತ್ತು ಹಾಗೆ ಅನ್ನಬಾರದಿತ್ತು. ಎಲ್ಲರ ಮುಂದೆ. ನನಗೆ ಅದು ಹೊಟ್ಟೇಲೇ ಉಳ್ಕೊಂಡಿತ್ತು."

"ಏನಂದೆ ನಾನು?"

"ನನ್ನ ಗಂಡ ಲೆಫ್ಟು ಅಂತ."

ಅಕ್ಕ ಹುಬ್ಬು ಗಂಟಿಕ್ಕಿದಳು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದಳು. ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು. "ಹಾಗಂದಿದ್ನಾ?" ಎಂದಳು. "ನೆನಪಿಲ್ಲ. ಅಂದಿದ್ರೂ ಅಂದಿರಬಹುದು, ನನ್ನ ಬಾಯಿ ಹೊಲಸು." ಸ್ವಲ್ಪ ಹೊತ್ತು ತನ್ನ ಮಂಡಿಯನ್ನೇ ನೋಡಿದಳು. "ಅದಕ್ಕಾ?"

ತಂಗಿ ತಲೆ ತಗ್ಗಿಸಿದಳು.

"ಅದಕ್ಕಾ" ಎಂದಳು ಅಕ್ಕ ಮತ್ತೊಮ್ಮೆ. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. "ಒಲೆ ಮೇಲೆ ನೀರಿಟ್ಟಿದ್ದೀನಿ, ನೋಡ್ಬೇಕು. ಸ್ವಲ್ಪ ದಾರಿ ಬಿಡ್ತೀರಾ?"

ಅದಾದ ಮೇಲೆ ತಂಗಿ ಆ ಮನೆಯಲ್ಲಿ ಬಹಳ ದಿನ ಇರಲಿಲ್ಲ. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದಳು. ಹೊರಡುವ ದಿನ ಭಾವ ಟ್ರಂಕನ್ನು ಎತ್ತಿ ಗಾಡಿಗೆ ಇಟ್ಟ. ಹಿಂದಿನ ಕೋಣೆಯನ್ನು ಅಕ್ಕನೇ ಗುಡಿಸಿದಳು. ಮೂಲೆಯಲ್ಲಿ ಬಿದ್ದಿದ್ದ ಒಂದು ಹೇರ್‌ಪಿನ್ನನ್ನೂ ಹೆಕ್ಕಿ ತಂದು ತಂಗಿಯ ಕೈಗೆ ಕೊಟ್ಟಳು. ತಂಗಿ ಅಕ್ಕಾ ಎಂದು ಅವಳ ಕೈ ಹಿಡಿಯಲು ಹೋದಳು. ಅಷ್ಟರಲ್ಲಿ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಆಸರೆಗೆ ಹಿಡಿದಳೋ, ಕೈ ಕೊಡಬಾರದೆಂದು ಹಿಡಿದಳೋ ಗೊತ್ತಾಗಲಿಲ್ಲ.

"ಹೋಗಿ ಬನ್ನಿ" ಎಂದಳು, ಮೊದಲ ಸಲ ಮನೆಗೆ ಬಂದ ನೆಂಟರನ್ನು ಕಳಿಸುವಂತೆ.

ತಂಗಿ ಗಾಡಿ ಹತ್ತಿ ತಿರುಗಿ ನೋಡಿದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಿತು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು, ಆಮೇಲೆ ಒಂದು ಕಾಲೆಳೆಯುತ್ತ ಒಳಗೆ ಹೋಗುವ ಹೆಜ್ಜೆ.